ಹನ್ನೆರಡನೇ ಹೆಸರು

ಖಣಿಯ ಹಾಜರಿ ಪುಸ್ತಕದಾಗ ಆ ಮಂಗಳವಾರ
ಹನ್ನೊಂದು ಮಂದಿ ಹೆಸರವ.
ಹನ್ನೆರಡನೇ ಸಾಲಿನ ಮ್ಯಾಲ ವೈಟ್ನರ್ ಬಳದಾರ,
ಒಣಗಿ, ಗ್ವಾಡಿ ಸುಣ್ಣದಂಗ ಬಿರ್ಕು ಬಿಟ್ಟದ.
"ಸೀಲಾಸ ಅಂಬವ ಅವತ್ತು ಕೆಲಸಕ್ಕೇ ಬಂದಿಲ್ಲ"
ಅಂತಾನ ಮುಕಾದಮ.

ಹಂಗಿದ್ರ, ನಸುಕಿನಾಗ ನಾ ಕಟ್ಟಿಕೊಟ್ಟ
ಎರಡು ರೊಟ್ಟಿ, ಪುಂಡಿಪಲ್ಯ
ಯಾರ ಕೈಯಾಗ ಹೋದವು?
ಸಂಜಿಗೆ ಡಬ್ಬಿ ತಿರುಗಿ ಬಂತು, ಮುಚ್ಚಳ ತೆರೆದಿರಲಿಲ್ಲ.
ಡಬ್ಬಿ ಸಾಕ್ಷಿ ಆಗಂಗಿಲ್ಲವ್ವಾ, ಅಂದ್ರು ಸಾಹೇಬ್ರು.

ಕಲಬುರಗಿ ಲೇಬರ್ ಆಫೀಸಿನಾಗ
ಏಳು ಸಲ ತಾರೀಖು ಬಿದ್ದಾವ.
ಸಾಹೇಬ್ರು ಊಟ ಮುಗಿಸಿ ಕೈ ತೊಳಕೊಂಡ್ರು,
ಟಾವೆಲ್ಲಿಗೆ ಒರೆಸಿಕೊಂಡ್ರು, ಮುಂದಿನ ತಿಂಗಳ ಬಾ ಅಂದ್ರು.
ಬೇಸಿನ್ನಿನಾಗ ಇಳೀತಿದ್ದ ನೀರೇ ನೋಡಕೋತ ನಿಂತೆ.
ಆ ನೀರು ನಮ್ಮ ಮಂದಿಗೆ ಹಳೇ ಗುರ್ತು.

ನಿನ್ನ ತಲಿ ಮ್ಯಾಲ, ಸ್ವಾಮಿ,
ಹಲಗಿಗೆ ಹೆಸರು ಬರದು ಮೊಳಿ ಬಡದ್ರು.
ನಗ್ಯಾಡ್ಲಾಕೇ ಬರದ್ರು, ಖರೇ.
ಆದ್ರೂ ಬರದ್ರು. ಮೂರು ಭಾಷಾದಾಗ ಬರದ್ರು.
ನನ್ನ ತಮ್ಮಗ ಒಂದರಾಗೂ ಇಲ್ಲ.

ಇದು ಬೈಗುಳ ಅಲ್ಲ. ಬೈಗುಳಾನೂ ಇರಬಹುದು.
ನೀ ಕೇಳ್ತೀ ಅಂತ ತಿಳದೇ ಹೇಳ್ಲಾಕತ್ತೀನಿ;
ಕೇಳದವರ ಮುಂದ ಹೇಳಿ ಹೇಳಿ ಸಾಕಾಗ್ಯದ.

ಪಾಸ್ಟರ್ ಅಯ್ಯಗೋಳು ಮನಿಗೆ ಬಂದು
ಚಾ ಕುಡದು, ಕ್ಷಮಿಸಿಬಿಡವ್ವಾ ಅಂದ್ರು.
ಕ್ಷಮಿಸ್ತೀನ್ರೀ ಅಯ್ಯಾ.
ಮೊದಲ ಅವ ಆ ಹೆಸರು ತಿರುಗಿ ಬರೀಲಿ.
ಆಗೇ ಇಲ್ಲ ಅಂಬ ತಪ್ಪಿಗೆ
ಕ್ಷಮಾ ಹ್ಯಾಂಗ ಕೊಡಲಿ?

ಸೀಲಾಸ ಫರ್ಸಿ ಎಬ್ಬಿಸೂ ಮುಂಚೆ ಬಡದು ಕೇಳತಿದ್ದ,
ಹಾರಿ ತುದಿಲಿಂದ, ಮೂರು ಸಲ, ತಲಿ ಓರೆ ಮಾಡಿ.
ಒಳಗ ಸೀಳಿದ್ರ ಒಡೆದ ಗಡಗಿ ದನಿ,
ಗಟ್ಟಿ ಇದ್ರ ಗಂಟಿ ದನಿ ಅಕ್ಕಾ, ಅಂತಿದ್ದ.
ಆ ದಿನ, ಮ್ಯಾಲಿನ ಪದರು ಜಾರೂ ಮುಂಚೆ,
ಬಡದು ಕೇಳ್ಲಾಕ ವೇಳ್ಯಾ ಕೊಟ್ಟಿಲ್ಲ ಮುಕಾದಮ.
ಲಾರಿ ನಿಂತಿತ್ತಂತ.

ರಾತ್ರಿ ಲೈಟ್ ಹೋದ ಮ್ಯಾಲ
ನಾನೂ ಬಡೀತೀನಿ, ನಿನ್ನ ಮ್ಯಾಲ.
ಗಟ್ಟಿ ಇದ್ದೀಯೋ, ಒಳಗ ಸೀಳಿದ್ದೀಯೋ.
ಭಾಳ ರಾತ್ರಿ ಏನೂ ಇಲ್ಲ,
ಸಿಮೆಂಟ್ ಫ್ಯಾಕ್ಟರಿ ದೂರ ಗುಂಯ್ ಅಂತಿರ್ತದ, ಅಷ್ಟೇ.
ಒಂದು ರಾತ್ರಿ ಮಾತ್ರ ಅನಿಸ್ತು:
ಸೀಳಿದ್ದು ಖರೇ, ಪಕ್ಕೆಲುಬಿನ್ಯಾಗ, ಈಟಿ ತಾಕಿದಲ್ಲಿ.
ಆದ್ರೂ ದನಿ ಗಂಟಿದೇ.

ಮುಂಜಾನಿಗೆ ಆ ನಂಬಿಗಿ ಅರ್ಧ ಉಳಿದಿತ್ತು.
ಅರ್ಧದ ಮ್ಯಾಲೇ ಒಲಿ ಹಚ್ಚಿದೆ.

ಐತವಾರ ಸಂಡೇಸ್ಕೂಲಿನ ಹಾಜರಿ ನನ್ನ ಕೈಯಾಗ.
ಅವ ಹಾಸಿದ ಫರ್ಸಿ ಮ್ಯಾಲೇ ಹುಡುಗರು ಕುಂತಿರ್ತಾವ.
ಪ್ರಿಸಿಲ್ಲಾ. ಗಿದ್ಯೋನ.
ಸಣ್ಣ ತಬಿಥಾ, ಮೂಗು ಸೋರಿಸಿಕೋತ.
ಹೆಸರು ಕೂಗಿ ಮುಗಿದ ಮ್ಯಾಲ ಹಳೇ ಪುಟ ತಿರುವಿದೆ,
ಹತ್ತು ವರ್ಷದ ಹಿಂದಿಂದು, ನನ್ನದೇ ಅಕ್ಷರ:
ಸೀಲಾಸ ಮಾಣಿಕಪ್ಪ, ವಯಸ್ಸು ಒಂಬತ್ತು.
ಶಾಯಿ ಮಾಸ್ಯದ. ಅಳಿಸಿಲ್ಲ.

ಬುಧವಾರ ಎಂಟನೇ ತಾರೀಖು.
ಟ್ರ್ಯಾಕ್ಟರಿನ ಲಾಡ್ಲೆಸಾಬ ಬರ್ತೀನಿ ಅಂದಾನ.
"ಕಲ್ಲು ಎತ್ತಿ ಅವನ್ನ ತೆಗೆದವ ನಾ, ತಂಗಿ,
ನೋಡಿಲ್ಲ ಅಂತ ಯಾವ ಬಾಯಿಲೆ ಅನ್ನಲಿ?"
ಅವನ ಕೆಲಸ ಹೋದರೂ ಹೋಗಬಹುದು.
ಅವನಿಗೂ ಮೂರು ಹೆಣ್ಣುಮಕ್ಕಳು.
ನೀ ಬಂದೀ ಅಂತ ಗುರ್ತು ಕೇಳಿದ್ದೆ ನಾ;
ಬಂದವ ಇವ.

ಶಹಾಬಾದಿನಿಂದ ನಸುಕಿನ ಗಾಡಿ.
ಅದೇ ಡಬ್ಬಿ ತಿಕ್ಕಿ ತೊಳದಿಟ್ಟೀನಿ.
ಈ ಸಲ ನಾಕು ರೊಟ್ಟಿ,
ಪುಂಡಿಪಲ್ಯ ಮಾತ್ರ ಇಬ್ಬರಿಗೆ ಜರಾ ಕಮ್ಮಿ ಬೀಳ್ತದ.